ಸೊಪ್ಪಿಗೆ ಒಂಬತ್ತು, ತಕ್ಕಡಿಗೆ ಆರು

ಅಣ್ಣ ಮಹಡಿಯಿಂದ ಇಳಿದು ಬಂದಾಗ ಅವನ ಎರಡೂ ಕೈಯಲ್ಲಿ ಒಂದೊಂದು ಹಿತ್ತಾಳೆ ತಟ್ಟೆ. ಎರಡರಲ್ಲೂ ಮಣ್ಣು, ಮಣ್ಣಿನಲ್ಲಿ ಬೆರಳುದ್ದದ ಹಸಿರು ಸಸಿ. ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದೆವು. ಅವನು ಅವೆರಡನ್ನೂ ತಂದು ಅನ್ನದ ಪಾತ್ರೆಯ ಪಕ್ಕದಲ್ಲೇ ಕುಕ್ಕಿದ.

"ಯಾರ ಕೆಲಸ ಇದು?"

ಕೇಳೋದು ಬೇರೆ! ಈ ಮನೆಯಲ್ಲಿ ಇರೋದೇ ಐದು ಜನ. ನಮ್ಮಮ್ಮನಿಗೆ ಮಂಡಿನೋವು, ಮಹಡಿ ಹತ್ತಲ್ಲ. ಅತ್ತಿಗೆ ಬೇಕರಿಯಲ್ಲಿ ಇಡೀ ದಿನ ಬ್ರೆಡ್ಡು ಪ್ಯಾಕ್ ಮಾಡಿ ಬರ್ತಾರೆ, ಮನೆಗೆ ಬಂದ ಮೇಲೆ ಗಿಡ ನೆಡೋ ಚಪಲ ಅವರಿಗಿಲ್ಲ. ನಾನು ಹೊಲಿಗೆ ಮೆಷಿನ್ ಬಿಟ್ಟು ಎದ್ದರೆ ಶಾಲೆ ಮಕ್ಕಳ ಯೂನಿಫಾರ್ಮು ಅಲ್ಲಲ್ಲೇ ನಿಲ್ಲುತ್ತೆ. ಉಳಿದವಳು ಒಬ್ಬಳೇ, ಅಣ್ಣನ ಮಗಳು. ಅವಳನ್ನು ನಾವು ಕರೆಯೋದು ಗುಂಡಿ ಅಂತ. ಒಂದೂವರೆ ವರ್ಷದವಳಿದ್ದಾಗ ನನ್ನ ಮೆಷಿನ್ ಕೆಳಗೆ ಬಿದ್ದಿದ್ದ ಅಂಗಿಯ ಗುಂಡಿ ನುಂಗಿ ಮನೆಯವರಿಗೆಲ್ಲ ಬೆವರಿಳಿಸಿದ್ದಳು. ಈಗ ಡಿಗ್ರಿಯ ಕೊನೇ ವರ್ಷ.

"ನಾನೇ," ಅಂದಳು ಗುಂಡಿ, ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತಾ. "ಅಂಗಡಿ ಮೂಲೆಯಲ್ಲಿ ಬಿದ್ದಿದ್ವು. ಇನ್ನು ಉಪಯೋಗಕ್ಕೆ ಬರಲ್ಲ ಅಂತ ನೀನೇ ಹೇಳಿದ್ದೆ."

"ತಕ್ಕಡಿ ತಟ್ಟೆಗೆ ಮಣ್ಣು ತುಂಬ್ತಾರೇನೇ?"

"ಕಾಲೇಜಿಗೆ ಬೇಕು ಅಪ್ಪ. ಮನೆ ತೋಟಗಾರಿಕೆ. ಈ ಸೆಮಿಸ್ಟರ್ ನನ್ನ ಎಲೆಕ್ಟಿವ್."

ಮೂರು ಮುಖ್ಯ ವಿಷಯದ ಜೊತೆಗೆ ನಾಲ್ಕನೆಯದೊಂದನ್ನು ಮಕ್ಕಳೇ ಆರಿಸಿಕೊಳ್ಳಬಹುದಂತೆ. ಅದು ಅಣ್ಣನಿಗೆ ಅವತ್ತೇ ಗೊತ್ತಾಗಿದ್ದು.

"ಓದ್ತಿರೋದು ಫಿಸಿಕ್ಸು. ಸೊಪ್ಪಿಗೂ ಅದಕ್ಕೂ ಏನು ಸಂಬಂಧ?"

"ಏನೂ ಇಲ್ಲ."

"ಮತ್ಯಾಕೆ ತಗೊಂಡೆ?"

"ಸುಲಭ ಅಂತ."

ಅಷ್ಟು ನೆಟ್ಟಗೆ ಹೇಳಿಬಿಟ್ಟಳು. ಏನಾದರೂ ನೆಪ ಹೇಳಬಾರದಿತ್ತೇ, ಗಾಳಿ ಒಳ್ಳೇದು, ಆರೋಗ್ಯಕ್ಕೆ ಒಳ್ಳೇದು ಅಂತ? ಊಹೂಂ. ನಮ್ಮ ವಂಶದ ನಾಲಿಗೆ.

ಅಣ್ಣನ ಕಸುಬು ಗೊತ್ತಿಲ್ಲದವರಿಗೆ ಅವನ ಮುಖ ಯಾಕೆ ಹಾಗೆ ಕಪ್ಪಿಟ್ಟಿತು ಅಂತ ತಿಳಿಯಲ್ಲ. ಅವನು ತಕ್ಕಡಿ ರಿಪೇರಿ ಮಾಡೋನು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡಾಳು ನಿಲ್ಲುವಷ್ಟು ಅಂಗಡಿ. ತರಕಾರಿಯವರು, ಕಬ್ಬಿಣದವರು, ಔಷಧಿ ಅಂಗಡಿಯವರು, ಎಲ್ಲರ ತಕ್ಕಡಿಯೂ ಅವನ ಕೈ ಕೆಳಗೆ ಹಾದು ಹೋಗಬೇಕು. ಒಂದು ಸಲ ತಾನು ಸರಿ ಮಾಡಿಕೊಟ್ಟ ತಕ್ಕಡಿಯಲ್ಲಿ ಎರಡು ಗ್ರಾಂ ವ್ಯತ್ಯಾಸ ಉಳಿದಿತ್ತು ಅಂತ ನೆನಪಾಗಿ, ಊಟ ಅರ್ಧಕ್ಕೇ ಬಿಟ್ಟು ಓಡಿಹೋಗಿ ಮೀನಂಗಡಿಯವನ ವ್ಯಾಪಾರ ನಿಲ್ಲಿಸಿದ್ದ. ಮೀನಂಗಡಿಯವನು ಕೈಮುಗಿದು ಬೇಡಿಕೊಂಡರೂ ಬಿಡಲಿಲ್ಲ.

"ಬೇರೆ ಏನೇನಿತ್ತು?" ಅಂತ ಕೇಳಿದ.

"ಫೋಟೋ ತೆಗೆಯೋದು, ಭಾಷಣ ಮಾಡೋದು, ತೋಟಗಾರಿಕೆ, ಮಾಪನ ವಿಜ್ಞಾನ."

"ಅದೇನದು, ಕೊನೇದು?"

ಗುಂಡಿ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು. "ಅಳತೆ, ತೂಕ, ಉಪಕರಣ. ಅವುಗಳಲ್ಲಿ ಬರೋ ದೋಷ."

"ನನ್ನ ಕಸುಬು!" ಅಣ್ಣ ತುತ್ತು ಕೆಳಗಿಟ್ಟ. "ನಾನು ಮೂವತ್ತು ವರ್ಷದಿಂದ ಮಾಡ್ತಿರೋದನ್ನ ಕಾಲೇಜಿನಲ್ಲಿ ಪಾಠ ಮಾಡ್ತಾರೆ. ನನ್ನ ಮಗಳು ಅದನ್ನ ಬಿಟ್ಟು ಸೊಪ್ಪು ಬೆಳೆಯೋಕೆ ಹೋಗಿದ್ದಾಳೆ!"

"ಅಪ್ಪ, ಆ ಮೇಷ್ಟ್ರು ಹತ್ತಕ್ಕೆ ಆರರ ಮೇಲೆ ಯಾರಿಗೂ ಕೊಟ್ಟಿಲ್ಲ. ಕಾಲೇಜಿನಲ್ಲಿ ಅವರ ಹೆಸರೇ ಆರರ ಮೇಷ್ಟ್ರು. ತೋಟಗಾರಿಕೆ ಮೇಡಂ ಒಂಬತ್ತಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಸೊಪ್ಪು ಬಂದ್ರೆ ಒಂಬತ್ತು, ಸೊಂಪಾಗಿ ಬಂದ್ರೆ ಹತ್ತು. ನನಗೆ ಸರಾಸರಿ ಏರಬೇಕು."

"ಇದು ಮೋಸ."

"ಯಾರಿಗೆ ಮೋಸ?"

"ಮೋಸ ಅಂದ್ರೆ ಮೋಸ," ಅಂದ ಅಣ್ಣ.

ಆಗ ನಮ್ಮಮ್ಮ ಬಾಯಿ ಹಾಕಿತು. ಅದಕ್ಕೆ ಹಲ್ಲಿಲ್ಲ, ಮಾತಿಗೇನೂ ಬರವಿಲ್ಲ. "ಸುಲಭದ್ದು ತಗೊಂಡ್ರೆ ಏನೋ ಪಾಪ? ನಾನು ಜೀವಮಾನ ಪೂರ್ತಿ ಕಷ್ಟದ್ದೇ ತಗೊಂಡೆ. ಯಾರು ಬಂದು ನಂಬರ್ ಕೊಟ್ರು ನನಗೆ?"

ಅತ್ತಿಗೆ ಎದ್ದು ಆ ತಟ್ಟೆಗಳನ್ನು ತೆಗೆದುಕೊಂಡು ಹೋಗಿ ಅಡುಗೆಮನೆ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ ಇಟ್ಟು ಬಂದರು.

ಅವತ್ತಿನಿಂದ ಅಣ್ಣ ಮಗಳ ಜೊತೆ ಮಾತು ಬಿಟ್ಟ. ಅವಳು ಎದುರಿಗೇ ಕೂತಿದ್ದರೂ ನನಗೆ ಹೇಳೋದು. "ಅವಳಿಗೆ ಹೇಳು, ಗೇಟು ಹಾಕಿಲ್ಲ." "ಅವಳಿಗೆ ಹೇಳು, ಗೀಸರ್ ಆರಿಸಬೇಕು." ಅವಳೂ ಕಡಿಮೆಯವಳಲ್ಲ. "ಅತ್ತೆ, ಅವರಿಗೆ ಹೇಳಿ, ಆರಿಸಿ ಆಯ್ತು." ನಾನೇನು ಇವರಿಬ್ಬರ ಟೆಲಿಫೋನೇ? ಒಂದು ವಾರ ತಡೆದುಕೊಂಡೆ. ಎಂಟನೇ ದಿನ ಇಬ್ಬರಿಗೂ ಕೂಗಿ ಹೇಳಿದೆ, ಇನ್ನು ನನ್ನ ಮೂಲಕ ಮಾತಾಡಿದರೆ ಊಟಕ್ಕೆ ಉಪ್ಪು ಹಾಕಲ್ಲ ಅಂತ.

ನಿಜ ಹೇಳಬೇಕೆಂದರೆ, ಮೊದಮೊದಲು ನಾನೂ ಅಣ್ಣನ ಕಡೆಯೇ. ಬುದ್ಧಿವಂತ ಹುಡುಗಿ, ಸೊಪ್ಪು ಬೆಳೆದು ಅಂಕ ತಗೋತೀನಿ ಅಂದರೆ ಕೇಳೋಕೂ ಕೆಟ್ಟದಾಗಿರುತ್ತೆ. ಒಂದು ಸಂಜೆ ಅವಳು ಕಾಲರ್‌ಗಳನ್ನು ಮಗುಚಿ ಕೊಡ್ತಾ ನನ್ನ ಪಕ್ಕ ಕೂತಿದ್ದಾಗ ಬೈದೇಬಿಟ್ಟೆ.

"ನಾಚಿಕೆ ಆಗಲ್ವೇನೇ? ನಾನು ಕೂಡ ಸುಲಭ ಅಂತ ಬರೀ ಕರವಸ್ತ್ರ ಹೊಲೀತಾ ಕೂತಿದ್ರೆ ಆಗ್ತಿತ್ತಾ?"

"ಅತ್ತೆ, ಕರವಸ್ತ್ರ ಹೊಲಿದ್ರೆ ಮಾತ್ರ ದೊಡ್ಡ ಅಂಗಡಿ ಒಳಗೆ ಬಿಡ್ತೀವಿ ಅಂದ್ರೆ ಏನು ಹೊಲೀತಿದ್ರಿ?"

ನಾನು ಇನ್ನೊಂದು ಕಾಲರ್ ಮೆಷಿನ್‌ಗೆ ಕೊಟ್ಟೆ.

ನಾನು ಅಂಗಿಯ ಅಳತೆ ಕತ್ತರಿಸೋ ಕಂದು ಕಾಗದವನ್ನು ಅವಳು ಎಳೆದುಕೊಂಡಳು. ಬಟ್ಟೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ಬರೆದಳು: ಏಳು ಪಾಯಿಂಟ್ ಎಂಟು. ಏಳು ಪಾಯಿಂಟ್ ಏಳು. ಐದು ಪಾಯಿಂಟ್ ಆರು. ಏಳು ಪಾಯಿಂಟ್ ಐದು. "ಇವು ನನ್ನ ನಾಲ್ಕು ಸೆಮಿಸ್ಟರ್. ಎಂ.ಎಸ್ಸಿ.ಗೆ ಅರ್ಜಿ ಹಾಕ್ಬೇಕು ಅಂದ್ರೆ ಆರೂ ಸೇರಿ ಸರಾಸರಿ ಏಳೂವರೆ ಇರ್ಬೇಕು. ಒಂದು ಚೂರು ಕಡಿಮೆ ಆದ್ರೂ ಅರ್ಜಿ ಮುಟ್ಟೋದೇ ಇಲ್ಲ. ಉಳಿದಿರೋ ಎರಡರಲ್ಲಿ ಎಂಟು ಪಾಯಿಂಟ್ ಎರಡು ಬರ್ಬೇಕು. ಮುಖ್ಯ ವಿಷಯಗಳಲ್ಲಿ ಸತ್ತೂ ಕೆಟ್ಟೂ ಎಂಟು ತರ್ತೀನಿ. ನಾಲ್ಕನೆಯದರಲ್ಲಿ ಒಂಬತ್ತು ಬೇಕೇ ಬೇಕು. ಆರು ಬಂದ್ರೆ ಮನೆಗೆ."

"ಮನೆಗೆ ಅಂದ್ರೆ?"

"ಬೇಕರಿಗೆ. ಅಮ್ಮನ ಪಕ್ಕದ ಸ್ಟೂಲಿಗೆ."

ಲೆಕ್ಕದಲ್ಲಿ ನಾನು ದಡ್ಡಿ, ಅಳತೆಯಲ್ಲಿ ಅಲ್ಲ. ನಾಲ್ಕು ಅಂಕಿಯಲ್ಲಿ ಒಂದು ಮಾತ್ರ ಮೊಂಡಾಗಿದೆ ಅಂತ ಕಣ್ಣಿಗೆ ಹೊಡೀತು. "ಈ ಐದೂಮುಕ್ಕಾಲು ಏನಿದು, ಇಲ್ಲಿ ಯಾಕೆ ಹೀಗೆ ಕುಸಿದಿದೆ?"

"ಐದೂಮುಕ್ಕಾಲಲ್ಲ, ಐದು ಪಾಯಿಂಟ್ ಆರು. ಅದು ಅಮ್ಮನ ಆಪರೇಷನ್ ಸಲದ್ದು," ಅಂದು ಅವಳು ಮುಂದಿನ ಕಾಲರ್ ಕೈಗೆತ್ತಿಕೊಂಡಳು.

ನನ್ನ ಕಾಲು ಪೆಡಲ್ ಮೇಲೆ ನಿಂತುಹೋಯಿತು. ಹೋದ ವರ್ಷ ಅತ್ತಿಗೆಗೆ ಗರ್ಭಕೋಶ ತೆಗೆದಿದ್ದರು. ಆರು ವಾರ ಮಲಗಿದಲ್ಲೇ. ಅವರ ಸ್ನಾನ, ಬಟ್ಟೆ, ಮಾತ್ರೆ, ಗಂಜಿ, ಈ ಮನೆಯ ಅಡುಗೆ, ನಮ್ಮಮ್ಮನ ಮಂಡಿಗೆ ಎಣ್ಣೆ, ಎಲ್ಲ ಯಾರು ಮಾಡಿದ್ದು? ನಾನು ಇದೇ ಮನೆಯಲ್ಲಿ, ಇದೇ ಸ್ಟೂಲಿನ ಮೇಲೆ ಇದ್ದೆ. ಶಾಲೆ ವಾರ್ಷಿಕೋತ್ಸವದ ಬಟ್ಟೆ ಹೊಲಿಯೋ ಕಾಲ, ತಲೆ ಎತ್ತಿರಲಿಲ್ಲ. ಹೊತ್ತುಹೊತ್ತಿಗೆ ಊಟ ಬಂತು, ಉಂಡೆ. ಅವಳಿಗೆ ಆ ತಿಂಗಳಲ್ಲೇ ಪರೀಕ್ಷೆ ಇತ್ತು ಅಂತ ನನಗೆ ಹೊಳೆದೇ ಇರಲಿಲ್ಲ. ಅಣ್ಣನಿಗೂ ಅಷ್ಟೇ.

"ಅಪ್ಪನಿಗೆ ಹೇಳೇ ಇದನ್ನ," ಅಂದೆ.

"ಹೇಳಲ್ಲ. ಅಮ್ಮನ ಕಿವಿಗೆ ಬಿದ್ರೆ ಅವಳು ಕೊರಗ್ತಾಳೆ. ಸೊಪ್ಪು ಬೆಳೀತೀನಿ, ನಂಬರ್ ತಗೋತೀನಿ, ಮುಗೀತು. ಯಾರೇನಾದ್ರೂ ಅಂದ್ಕೊಳ್ಳಲಿ."

ನಾನು ಆಗಲೇ ಹೋಗಿ ಅಣ್ಣನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಪೆದ್ದುತನಕ್ಕೆ ಇವತ್ತಿಗೂ ನನಗೆ ನಾನೇ ಬೈದುಕೊಳ್ತೀನಿ.

ಮೂರನೇ ವಾರ ಮಂಗಳವಾರ ಅಣ್ಣ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡ. ಅಂಗಡಿಗೆ ಹೋಗುವಾಗ ಅವನು ಹಾಕೋದು ಎಣ್ಣೆ ಕಲೆಯ ಅಂಗಿ. ಎಲ್ಲಿಗೆ ಅಂದರೆ "ಕೆಲಸ ಇದೆ" ಅಂದ. ಅವನು ಹೋಗಿದ್ದು ಕಾಲೇಜಿಗೆ.

ಅಲ್ಲಿ ಆದದ್ದನ್ನು ಆಮೇಲೆ ಅವನ ಬಾಯಿಂದಲೇ ಕೇಳಿದೆವು. ಕಚೇರಿಯ ಗುಮಾಸ್ತನ ಮುಂದೆ ನಿಂತು, ನನ್ನ ಮಗಳನ್ನ ತೋಟಗಾರಿಕೆಯಿಂದ ತೆಗೆದು ಮಾಪನ ವಿಜ್ಞಾನಕ್ಕೆ ಹಾಕಿ ಅಂತ ಕೇಳಿದನಂತೆ. ಗುಮಾಸ್ತ ಕನ್ನಡಕ ಮೇಲೆತ್ತಿ ಇವನನ್ನು ನೋಡಿದನಂತೆ. ಮಗುವಿಗೆ ಎರಡು ಅಂಕ ಜಾಸ್ತಿ ಮಾಡಿ ಅಂತ ಕಾಲು ಹಿಡಿಯೋ ಅಪ್ಪಂದಿರನ್ನು ಅವನು ನೋಡಿದ್ದ. ಕಡಿಮೆ ಮಾಡಿ ಅಂತ ಬಂದವನು ಇವನೇ ಮೊದಲು. "ನೀವೇ ಒಪ್ಪಿ ಸಹಿ ಹಾಕಿದ್ದೀರಲ್ಲ ಸ್ವಾಮಿ," ಅಂತ ಫಾರಂ ತೆಗೆದು ತೋರಿಸಿದನಂತೆ. ಪೋಷಕರ ಸಹಿ ಅನ್ನೋ ಜಾಗದಲ್ಲಿ ಅಣ್ಣನ ಹೆಸರು, ಬಾಲ ಎಳೆದ ಸಹಿ.

ಅಣ್ಣ ನೋಡಿದ. "ಈ ಸಹಿ ನನ್ನದಲ್ಲ," ಅಂದ.

ಅಷ್ಟೇ ಸಾಕಾಯಿತು.

ಇಲ್ಲೊಂದು ವಿಷಯ ಹೇಳಬೇಕು. ಈ ಮನೆಯಲ್ಲಿ ಅಣ್ಣನ ಸಹಿ ಹಾಕೋದು ಅತ್ತಿಗೆ. ಮದುವೆಯಾದ ಹೊಸದರಲ್ಲೇ ಶುರುವಾದದ್ದು. ಅಣ್ಣನ ಬೆರಳಿಗೆ ಸದಾ ಎಣ್ಣೆ, ಮಸಿ. ಅವನು ಮುಟ್ಟಿದ ಕಾಗದ ಯಾವ ಕಚೇರಿಯಲ್ಲೂ ನಡೀತಿರಲಿಲ್ಲ. "ನೀನೇ ಹಾಕಿಬಿಡು" ಅಂತ ಅವನೇ ಹೇಳಿಕೊಟ್ಟ. ಅಂಗಡಿಯ ಪರವಾನಗಿ, ಕರೆಂಟಿನ ಅರ್ಜಿ, ಗುಂಡಿಯ ಪ್ರೋಗ್ರೆಸ್ ಕಾರ್ಡು, ಕಾಲೇಜಿನ ಪ್ರವೇಶ, ಎಲ್ಲದಕ್ಕೂ ಅತ್ತಿಗೆಯೇ. ಹೆಸರು ಅವನದು, ಕೈ ಅವರದು. ಅಣ್ಣ ತನ್ನ ಸಹಿ ತಾನೇ ಹಾಕಿ ಇಪ್ಪತ್ತೆರಡು ವರ್ಷವಾಗಿತ್ತು. ಅದೆಲ್ಲ ಗೊತ್ತಿದ್ದೂ, ಕೇಳಿದ ಪ್ರಶ್ನೆಗೆ ಅಳೆದು ತೂಗಿದ ಹಾಗೆ ಉತ್ತರ ಕೊಟ್ಟು ಬಂದಿದ್ದ ಮಹಾರಾಯ.

ಗುಂಡಿ ಅವತ್ತು ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ಚೀಲ ಎಸೆಯಲಿಲ್ಲ, ಬಾಗಿಲು ಬಡಿಯಲಿಲ್ಲ. ಮುಖ ಸುಣ್ಣದ ಹಾಗಿತ್ತು.

"ಫಾರಂ ರದ್ದು ಮಾಡಿದ್ರು. ಸುಳ್ಳು ಸಹಿ ಅಂತ. ಅಪ್ಪನೇ ಹೋಗಿ ಅದು ತನ್ನದಲ್ಲ ಅಂದ್ರಂತೆ. ಪ್ರಿನ್ಸಿಪಾಲ್ ಮೇಡಂ ಕರೆಸಿ ಕೇಳಿದ್ರು, ಯಾವಾಗಲೂ ಅಮ್ಮನೇ ಹಾಕೋದು ಅಂದೆ. ತೋಟಗಾರಿಕೆಯಲ್ಲಿ ನನ್ನ ಜಾಗ ಹೋಯ್ತು. ಬೇರೆಲ್ಲ ಭರ್ತಿ ಆಗಿದೆ. ಖಾಲಿ ಇರೋದು ಒಂದೇ, ಆರರ ಮೇಷ್ಟ್ರದ್ದು."

ಅಣ್ಣ ಊಟಕ್ಕೆ ಬಂದವನು ಅಲ್ಲೇ ಕೂತಿದ್ದ. ಅವನ ಮುಖದಲ್ಲಿ ಒಂದು ಗಳಿಗೆ ಸಂತೋಷ ಮಿನುಗಿದ್ದನ್ನು ನಾನು ಕಣ್ಣಾರೆ ಕಂಡೆ. "ಒಳ್ಳೇದೇ ಆಯ್ತಲ್ಲ," ಅಂದ. ಎರಡು ವಾರದ ಮೇಲೆ ಮಗಳ ಜೊತೆ ಆಡಿದ ಮೊದಲ ಮಾತು. "ಮಾಪನ ವಿಜ್ಞಾನ ಓದು. ನಾನೂ ಹೇಳಿಕೊಡ್ತೀನಿ."

"ಒಳ್ಳೇದಾ?" ಗುಂಡಿ ಅವನ ಮುಂದೆ ಹೋಗಿ ನಿಂತಳು. "ಯಾರು ಕೇಳಿದ್ರು ನಿನ್ನ? ಎರಡು ಗ್ರಾಂ ತಪ್ಪು ಹುಡುಕ್ಕೊಂಡು ಊರೆಲ್ಲ ಓಡಾಡ್ತೀಯ. ನಿನ್ನ ಮಗಳು ಎಲ್ಲಿಗೆ ಹೋಗ್ಬೇಕು ಅಂತ ಒಂದು ದಿನ ಕೇಳಿದ್ದೀಯಾ? ಸುಲಭದ್ದು ತಗೊಂಡೆ. ಹೌದು, ಬೇಕಂತಲೇ ತಗೊಂಡೆ. ಸರಾಸರಿ ಅಂತ ನಿಯಮ ಮಾಡಿದ್ದು ಅವರು, ನಾನಲ್ಲ. ಅವರ ನಿಯಮದ ಒಳಗೇ ಆಡಿದ್ದೀನಿ. ನಾಳೆಯೂ ಅದನ್ನೇ ಮಾಡ್ತೀನಿ!"

"ಅಪ್ಪನ ಎದುರು ಹೀಗೆ ಮಾತಾಡೋದಾ? ಓದಿ ತಗೊಂಡ ಅಂಕ ಅಂಕ. ಹೋದ ವರ್ಷ ಸರಿಯಾಗಿ ಓದಿದ್ರೆ ಈ ಗತಿ ಬರ್ತಿತ್ತಾ?"

"ಸಾಕು!"

ಹೇಳಿದ್ದು ನಾನಲ್ಲ. ಅತ್ತಿಗೆ. ಬೇಕರಿಯಿಂದ ಅವತ್ತು ಬೇಗ ಬಂದು, ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಆ ಹೆಂಗಸು ದನಿ ಎತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹೋದ ವರ್ಷ ಅವಳು ಯಾಕೆ ಓದಲಿಲ್ಲ ಅಂತ ನನ್ನ ಕೇಳಿ, ರೀ. ಪರೀಕ್ಷೆ ಹಿಂದಿನ ದಿನ ಅವಳು ನನ್ನ ಹಾಸಿಗೆ ಬಟ್ಟೆ ಒಗೀತಿದ್ಲು. ಪುಸ್ತಕ ಮಡಿಲಲ್ಲಿಟ್ಕೊಂಡು ನನಗೆ ಗಂಜಿ ಕುಡಿಸ್ತಿದ್ಲು. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ, ಪಾಪದ್ದು. ಮಲಗಿದ್ದೆ, ಕುರುಡಿ ಆಗಿರಲಿಲ್ಲ. ನೀವು ಎಲ್ಲಿದ್ರಿ? ಅಂಗಡಿಯಲ್ಲಿ. ಆ ಫಾರಂಗೆ ಸಹಿ ಹಾಕಿದ್ದೂ ನಾನೇ. ಅವಳು ಬಾಯಿಬಿಟ್ಟು ಕೇಳಲಿಲ್ಲ, ಮೇಜಿನ ಮೇಲಿಟ್ಟಿದ್ಲು, ನೋಡಿ ನಾನೇ ಹಾಕ್ದೆ. ಸುಲಭದ್ದೇ ಇರಲಿ, ಈ ಒಂದಾದ್ರೂ ಅವಳಿಗೆ ಸುಲಭ ಆಗ್ಲಿ ಅಂತ ಹಾಕ್ದೆ."

ಅಣ್ಣ ಏನೋ ಹೇಳಲು ಹೋದ.

"ನನ್ನದಲ್ಲ ಅಂದ್ರಂತೆ ಅಲ್ಲಿ. ಇಪ್ಪತ್ತೆರಡು ವರ್ಷ ಹಾಕಿದ್ದೀನಿ. ಅವೆಲ್ಲ ಸುಳ್ಳಾ? ಆಯ್ತು. ಇನ್ನು ಮೇಲೆ ನಿಮ್ಮ ಸಹಿ ನೀವೇ ಹಾಕ್ಕೊಳ್ಳಿ."

ಅತ್ತಿಗೆ ಒಳಗೆ ಹೋಗಿ ಹಿಟ್ಟು ಕಲಸಲು ಕೂತರು. ನಮ್ಮಮ್ಮ ಸೊಸೆಯ ಕಡೆಗೆ ತಲೆಯಾಡಿಸಿ, ಮಗನಿಗೆ "ಉಣ್ಣೋ, ಆರಿಹೋಗುತ್ತೆ" ಅಂದಿತು. ಅವನು ಉಣ್ಣಲಿಲ್ಲ.

ಮಾತು ಅಂದರೆ ಮಾತು. ಅಂಗಡಿಯ ಪರವಾನಗಿ ನವೀಕರಣದ ಕಾಗದ ಬಂತು, ಅತ್ತಿಗೆ ಮುಟ್ಟಲಿಲ್ಲ. ನೀರಿನ ಸಂಪರ್ಕದ ಅರ್ಜಿ ಬಂತು, ಮುಟ್ಟಲಿಲ್ಲ. ಎಲ್ಲ ಊಟದ ಮೇಜಿನ ಮೇಲೆ ಒಂದರ ಮೇಲೊಂದು ಕೂತವು. ಅಣ್ಣ ಸೋಪು ಹಾಕಿ ಕೈ ತೊಳೆದು, ಹಳೇ ದಿನಪತ್ರಿಕೆಯ ಅಂಚಿನಲ್ಲಿ ಸಹಿ ಅಭ್ಯಾಸ ಮಾಡೋದು ನೋಡಿ ನನಗೆ ನಗು ಬಂತು, ಕನಿಕರವೂ ಬಂತು. ಅವನ ಕೈ ಚಿಮಟ ಹಿಡಿದು ಕೂದಲೆಳೆಯಷ್ಟು ಸಣ್ಣ ತಕ್ಕಡಿ ಮುಳ್ಳು ಕೂರಿಸುತ್ತೆ, ತನ್ನ ಹೆಸರಿನ ಕೊನೆಗೆ ಬಾಲ ಎಳೆಯೋಕೆ ಬರಲ್ಲ.

ಗುರುವಾರ ಬೆಳಿಗ್ಗೆ ಅವನು ನನ್ನ ಮೆಷಿನ್ ಹತ್ತಿರ ಬಂದು ನಿಂತ. ನಿಂತೇ ಇದ್ದ.

"ಏನು?" ಅಂದೆ.

"ಆರು ವಾರ ಅವಳೇ ಎಲ್ಲ ಮಾಡಿದ್ಲಾ?"

"ಅವಳೇ."

"ನೀನು?"

"ನಾನೂ ನಿನ್ನ ಹಾಗೇ. ಹೊಟ್ಟೆ ತುಂಬಾ ಉಂಡೆ."

ಅವನು ತಲೆ ಕೆರೆದುಕೊಂಡ. "ಸುಲಭದ್ದು ತಗೊಳ್ಳೋದು ನನಗೆ ಈಗಲೂ ಸರಿ ಕಾಣಲ್ಲ. ಅದು ಬೇರೆ. ಆದ್ರೆ ಆ ಸಹಿ ನನ್ನದಲ್ಲ ಅಂದೆನಲ್ಲ, ಅದು ಸುಳ್ಳು. ಯಾರಿಗೆ ಯಾವ ವಿಷಯ ಅಂತ ಕೊನೇ ಪಟ್ಟಿ ನಾಳೆ ಹಾಕ್ತಾರಂತೆ. ನಾನು ಹೋಗ್ಬೇಕು. ನೀನೂ ಬಾ."

ಶುಕ್ರವಾರ ಬೆಳಿಗ್ಗೆ ನಾವು ನಾಲ್ಕೂ ಜನ ಪ್ರಿನ್ಸಿಪಾಲರ ಕೋಣೆಯಲ್ಲಿದ್ದೆವು. ಅತ್ತಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಬರುವಾಗ ಬಸ್ಸಿನಲ್ಲಿ ಗಂಡನ ಪಕ್ಕ ಕೂರಲಿಲ್ಲ, ನನ್ನ ಪಕ್ಕ ಕೂತರು. ಪ್ರಿನ್ಸಿಪಾಲ್ ಮೇಡಂ ನನ್ನ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ಫೈಲಿನ ರಾಶಿ. ಕೆಟ್ಟವರಲ್ಲ. ಸುಸ್ತಾದವರು. ಪಕ್ಕದಲ್ಲಿ ಅದೇ ಗುಮಾಸ್ತ.

"ನೋಡಿ," ಅಂದರು ಅವರು, "ಇದನ್ನ ಎಳೆಯೋಕೆ ನನಗೂ ಇಷ್ಟ ಇಲ್ಲ. ತೋಟಗಾರಿಕೆಯಲ್ಲಿ ಜಾಗ ಇನ್ನೂ ಯಾರಿಗೂ ಕೊಟ್ಟಿಲ್ಲ. ಹುಡುಗಿ ಒಂದು ಸಾಲು ಬರೆದುಕೊಡಲಿ. 'ನನ್ನ ತಾಯಿ ಸುಳ್ಳು ಸಹಿ ಹಾಕಿದ್ದಾರೆ, ನನಗದು ಗೊತ್ತಿತ್ತು, ಕ್ಷಮಿಸಿ.' ಅಷ್ಟೇ. ಹಳೇ ಫಾರಂ ಊರ್ಜಿತ ಮಾಡ್ತೀನಿ."

ಬಿಳಿ ಹಾಳೆ ಗುಂಡಿಯ ಮುಂದೆ ಬಂತು. ಪೆನ್ನೂ ಬಂತು. ನನಗೆ ಎದೆ ಹಗುರವಾಯಿತು. ಒಂದು ಸಾಲು ತಾನೇ! ಅತ್ತಿಗೆ ಮಗಳ ಮೊಣಕೈ ತಟ್ಟಿ, "ಬರಿ ಮಗ, ನನಗೇನೂ ಆಗಲ್ಲ," ಅಂದರು.

ಗುಂಡಿ ಪೆನ್ನು ಮುಟ್ಟಲಿಲ್ಲ.

"ಬರೆಯಲ್ಲ ಮೇಡಂ."

"ಯಾಕಮ್ಮ?"

"ಅಮ್ಮ ಸುಳ್ಳು ಸಹಿ ಹಾಕಿಲ್ಲ. ನಮ್ಮನೆಯಲ್ಲಿ ಆ ಸಹಿ ಅವಳದ್ದೇ."

ಪ್ರಿನ್ಸಿಪಾಲರು ಕುರ್ಚಿಗೆ ಒರಗಿದರು. "ನಿನ್ನ ಅಂಕಪಟ್ಟಿ ನೋಡಿದ್ದೀನಿ. ಯಾಕೆ ತೋಟಗಾರಿಕೆ ಆರಿಸಿಕೊಂಡೆ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ. ಸುಲಭದ ದಾರಿ ಹುಡುಕೋ ಹುಡುಗಿ ನೀನು. ಒಂದು ಸಾಲು ಬರೆಯೋದಕ್ಕಿಂತ ಸುಲಭ ಏನಿದೆ ಹೇಳು?"

"ಸುಲಭದ್ದು ಹುಡುಕೋದು ನಿಜ ಮೇಡಂ, ಅದಕ್ಕೆ ನನಗೆ ನಾಚಿಕೆ ಇಲ್ಲ. ಸೊಪ್ಪು ಬೆಳೆದು ಒಂಬತ್ತು ತಗೋತೀನಿ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ನನ್ನ ಅಮ್ಮನ್ನ ಸುಳ್ಳಿ ಅಂತ ಬರೆದು ತಗೊಳ್ಳಲ್ಲ. ಆರರ..." ಅಂದು ತಡೆದು, "ಮಾಪನ ವಿಜ್ಞಾನಕ್ಕೇ ಹಾಕಿ. ಎಂ.ಎಸ್ಸಿ. ಹೋದ್ರೆ ಹೋಗ್ಲಿ," ಅಂದಳು.

ಕೈ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಪೆನ್ನು ತಾನಾಗಿ ಬಂದು ಕೈಗೆ ಸೇರಿಬಿಡುತ್ತೇನೋ ಅನ್ನೋ ಹಾಗೆ. ನನಗೆ ಅವಳನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಇಷ್ಟು ದಿನ ಅಂಕ ಅಂಕ ಅಂತ ಸತ್ತವಳು, ಕೈಗೆ ಬಂದದ್ದನ್ನು ಒದೀತಿದ್ದಾಳಲ್ಲ!

ಆಗ ಅಣ್ಣ ಮುಂದೆ ಬಂದು ಆ ಹಾಳೆ ಎಳೆದುಕೊಂಡ. "ತಪ್ಪು ಮಾಡಿದ್ದು ನಾನು ಮೇಡಂ. ನಾನು ಬರೀತೀನಿ."

ನಿಂತುಕೊಂಡೇ ಬರೆದ. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ. ಬರೆದು ಮುಗಿಸಿ ಗಟ್ಟಿಯಾಗಿ ಓದಿದ: "ಫಾರಂನಲ್ಲಿರುವ ಸಹಿ ನನ್ನದಲ್ಲ ಎಂದು ಮಂಗಳವಾರ ನಾನು ಹೇಳಿದ್ದು ಸುಳ್ಳು. ನನ್ನ ಹೆಂಡತಿ ನಾನು ಹೇಳಿಯೇ ಇಪ್ಪತ್ತೆರಡು ವರ್ಷಗಳಿಂದ ನನ್ನ ಸಹಿ ಹಾಕುತ್ತಿದ್ದಾಳೆ. ನನ್ನ ಮಗಳು ತೋಟಗಾರಿಕೆ ಓದಲು ನನ್ನ ಒಪ್ಪಿಗೆ ಇದೆ. ಆ ವಿಷಯ ನನಗೆ ಇಷ್ಟವಿಲ್ಲ."

"ಕೊನೇ ವಾಕ್ಯ ಬೇಕಾಗಿಲ್ಲ," ಅಂದರು ಪ್ರಿನ್ಸಿಪಾಲರು.

"ಇರಲಿ ಮೇಡಂ. ನಿಜ ಅದು."

ಕೆಳಗೆ ಸಹಿ ಹಾಕಿದ. ಮೂರು ದಿನ ಅಭ್ಯಾಸ ಮಾಡಿದ ಸಹಿ. ಗುಮಾಸ್ತ ಅದನ್ನು ಎತ್ತಿಕೊಂಡು, ಫೈಲಿನಿಂದ ಎರಡು ವರ್ಷದ ಹಿಂದಿನ ಪ್ರವೇಶದ ಅರ್ಜಿ ತೆಗೆದು ಪಕ್ಕದಲ್ಲಿಟ್ಟು ನೋಡಿದ. ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ.

"ಮೇಡಂ, ಈ ಸಹಿ ನಮ್ಮ ದಾಖಲೆಗೆ ಹೊಂದಲ್ಲ. ಇದನ್ನ ತಗೊಳ್ಳೋಕೆ ಬರಲ್ಲ."

ಅಣ್ಣ ತನ್ನ ಸಹಿಯನ್ನು ನೋಡಿದ, ಅರ್ಜಿಯ ಮೇಲಿನ ತನ್ನ ಸಹಿಯನ್ನು ನೋಡಿದ. ಆಮೇಲೆ ಪೆನ್ನನ್ನು ತಿರುಗಿಸಿ ಹಿಡಿದು ಹೆಂಡತಿಯ ಕಡೆಗೆ ಚಾಚಿದ.

"ನೀನೇ ಹಾಕು," ಅಂದ. "ನನ್ನದು ನಡೆಯಲ್ವಂತೆ."

ಅತ್ತಿಗೆ ತಕ್ಷಣ ಕೈ ನೀಡಲಿಲ್ಲ. ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ ನೋಡಿದರು. ಚೆನ್ನಾಗೇ ನಿಲ್ಲಿಸಿದರು, ಬಿಡಿ! ಆಮೇಲೆ ಪೆನ್ನು ತಗೊಂಡು, ಎಲ್ಲರ ಕಣ್ಣೆದುರಿಗೇ, ಗಂಡನ ಹೆಸರು ಬರೆದು ಬಾಲ ಎಳೆದರು. ಅದರ ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆದರು.

ಪ್ರಿನ್ಸಿಪಾಲರು ಹಣೆ ಒತ್ತಿಕೊಂಡರು. ನಗು ತಡೆದುಕೊಳ್ತಿದ್ದರೋ, ತಲೆನೋವೋ ಗೊತ್ತಾಗಲಿಲ್ಲ. "ಹೊಂದುತ್ತೇನ್ರೀ?" ಅಂತ ಗುಮಾಸ್ತನನ್ನು ಕೇಳಿದರು.

"ಹೊಂದುತ್ತೆ ಮೇಡಂ," ಅಂದ ಅವನು, ಪ್ರಾಣಸಂಕಟದಲ್ಲಿ.

"ಹಾಗಾದ್ರೆ ಮುದ್ರೆ ಒತ್ತಿ. ನನಗೆ ಬೇರೆ ಕೆಲಸ ಇದೆ."

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತೆವು. ಬಿಸಿಲು ಸುಡ್ತಿತ್ತು. ಅತ್ತಿಗೆ ಮಗಳ ಬೆನ್ನಿಗೊಂದು ಗುದ್ದಿ, "ಬರಿ ಅಂದ್ರೆ ಬರೆಯಲ್ಲ ಅಂತಾಳೆ, ಮೊಂಡಿ" ಅಂದರು, ಅಳು ನಗು ಎರಡೂ ಸೇರಿಸಿ. ಅಣ್ಣ ಸ್ವಲ್ಪ ದೂರದಲ್ಲಿ, ಕಂಬದ ನೆರಳಿನಲ್ಲಿ ನಿಂತಿದ್ದ. ಬಸ್ಸು ಬರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದ.

"ಅವಳಿಗೆ ಹೇಳು..."

"ನಾನು ಹೇಳಲ್ಲ," ಅಂದೆ. "ಅವಳಿಗೆ ಕಿವಿ ಇದೆ."

ಅವನು ಕಷ್ಟಪಟ್ಟು ಮಗಳ ಕಡೆ ತಿರುಗಿದ. "ಮುಂದಿನ ಸೆಮಿಸ್ಟರ್ ಇನ್ನೊಂದು ಆರಿಸ್ಕೋಬೇಕಲ್ಲ. ಆಗಾದ್ರೂ ನಮ್ಮ ವಿಷಯ ತಗೋತೀಯಾ?"

"ಇಲ್ಲಪ್ಪ."

"ಮತ್ತೆ?"

"ಹಕ್ಕಿ ನೋಡೋದು ಅಂತ ಒಂದಿದೆ. ವಾರಕ್ಕೊಂದು ದಿನ ಬೆಳಿಗ್ಗೆ ಕೆರೆ ಹತ್ತಿರ ಹೋಗಿ ನಿಂತ್ರೆ ಒಂಬತ್ತು."

ಅಣ್ಣ ನೆಲ ನೋಡಿದ, ಆಕಾಶ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣ್ತಿತ್ತು. ಇನ್ನೇನು ರಸ್ತೆಯ ಮೇಲೇ ಶುರುವಾಗುತ್ತೆ ಅಂದುಕೊಂಡೆ.

"ಹತ್ತು ತಗೋಬೇಕು ಅಂದ್ರೆ ಎಷ್ಟು ಹಕ್ಕಿ ನೋಡ್ಬೇಕು?" ಅಂತ ಕೇಳಿದ.